ಲಂಗರು ಮತ್ತು ಮೂರಿಂಗ್ ಯಂತ್ರಗಳು: ಹಡಗನ್ನು ನಿಲ್ಲಿಸುವ ಕೆಲಸ, ಹಂತ ಹಂತವಾಗಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಐಟಿಐ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಮರ್ಚೆಂಟ್ ನೇವಿಗೆ ಹೋಗಬೇಕೆಂದಿರುವ ನಮ್ಮ ಹುಡುಗರು ರಜೆಯಲ್ಲಿ ಸಿಕ್ಕಾಗ ಕೇಳುವುದು ಹೆಚ್ಚಾಗಿ ಹಡಗಿನ ಮುಖ್ಯ ಎಂಜಿನ್ನಿನ ವಿಷಯ. ಅದನ್ನು ತರಗತಿಯಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಡೆಕ್ಕಿನ ಮೇಲಿರುವ ಲಂಗರಿನ ಯಂತ್ರ ಮತ್ತು ಮೂರಿಂಗ್, ಅಂದರೆ ಹಡಗನ್ನು ಧಕ್ಕೆಗೆ ಕಟ್ಟುವ, ಹಗ್ಗದ ವಿಂಚುಗಳ ಬಗ್ಗೆ ಮಾತ್ರ ಎರಡು ಪುಟ ಓದಿಸಿ ಮುಂದೆ ಹೋಗುತ್ತಾರೆ. ಹೊಸದಾಗಿ ಹಡಗು ಹತ್ತಿದವನು ಕೈ, ಕಾಲು, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳಬಹುದಾದ ಜಾಗ ಅದೇ ಆಗಿರುವುದರಿಂದ, ಸಮುದ್ರವನ್ನು ಕಾಣದ ಬಯಲುಸೀಮೆಯ ಓದುಗರಿಗೂ ಅರ್ಥವಾಗುವಂತೆ ಆ ಯಂತ್ರಗಳ ಕೆಲಸವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಲಂಗರಿನ ಯಂತ್ರ ಇರುವುದು ಎತ್ತುವುದಕ್ಕೆ. ಹಡಗನ್ನು ಹಿಡಿದು ನಿಲ್ಲಿಸುವ ಹೊಣೆ ಸರಪಳಿಯ ತೂಕದ್ದು, ಸ್ಟಾಪರಿನದ್ದು ಮತ್ತು ಬ್ರೇಕಿನದ್ದು. ಯಂತ್ರದ ಮೋಟಾರಿನ ಮೇಲೆ ಹಡಗಿನ ಭಾರ ಬೀಳಲು ಬಿಟ್ಟವರು ಅಪಾಯವನ್ನು ಕೈಯಾರೆ ತಂದುಕೊಳ್ಳುತ್ತಾರೆ. ಕೆಳಗಿನ ಪ್ರತಿ ಹಂತದ ಹಿಂದೆಯೂ ಇದೇ ಕಾರಣವಿದೆ.

ಸರಪಳಿಯ ಹಾದಿ

ಭಾಗಗಳ ಹೆಸರನ್ನು ಬಾಯಿಪಾಠ ಮಾಡುವ ಬದಲು ಸರಪಳಿಯ ಹಾದಿಯನ್ನೇ ಹಿಡಿದು ಹೋಗಿ. ಲಂಗರಿಗೆ ಜೋಡಿಸಿದ ಸರಪಳಿಯು ಹಡಗಿನ ಮೂತಿಯ ಪಕ್ಕದಲ್ಲಿರುವ ಹಾಸ್ ಪೈಪ್ ಎಂಬ ಓರೆ ಕೊಳವೆಯ ಮೂಲಕ ಡೆಕ್ಕಿಗೆ ಬರುತ್ತದೆ. ಅಲ್ಲಿ ಮೊದಲು ಎದುರಾಗುವುದು ಚೈನ್ ಸ್ಟಾಪರ್. ಇದರ ದಪ್ಪನೆಯ ಉಕ್ಕಿನ ಪಟ್ಟಿಯು ಮಟ್ಟಸವಾಗಿ ಮಲಗಿದ ಕೊಂಡಿಯ ಮೇಲೆ ಅಡ್ಡ ಬಿದ್ದು, ಅದರ ಹಿಂದೆ ನೆಟ್ಟಗೆ ನಿಂತಿರುವ ಕೊಂಡಿ ಹೊರಕ್ಕೆ ಜಾರದಂತೆ ತಡೆಯುತ್ತದೆ. ಸ್ಟಾಪರ್ ದಾಟಿದ ಸರಪಳಿ ವಿಂಡ್ಲಾಸ್ ಎಂಬ ಮುಖ್ಯ ಯಂತ್ರದ ಜಿಪ್ಸಿ ಚಕ್ರವನ್ನು ಏರುತ್ತದೆ. ಕೊಂಡಿಗಳು ಕೂರುವಂತೆ ಜಿಪ್ಸಿಯಲ್ಲಿ ಸಾಮಾನ್ಯವಾಗಿ ಐದು ಕುಳಿಗಳಿರುತ್ತವೆ. ಅಲ್ಲಿಂದ ಸರಪಳಿ ಸ್ಪರ್ಲಿಂಗ್ ಪೈಪಿನ ಮೂಲಕ ಕೆಳಗಿನ ಚೈನ್ ಲಾಕರಿಗೆ ಇಳಿದು ರಾಶಿ ಬೀಳುತ್ತದೆ. ಅದರ ಕೊನೆಯ ತುದಿಯನ್ನು, ಅಂದರೆ ಬಿಟರ್ ಎಂಡನ್ನು, ಲಾಕರಿನ ಹೊರಗಿನಿಂದಲೇ ಬಿಚ್ಚಬಹುದಾದ ಪಿನ್ನಿನಿಂದ ಹಡಗಿಗೆ ಕಟ್ಟಿರುತ್ತಾರೆ.

ಜಿಪ್ಸಿಯ ಜೊತೆಗೇ ಒಂದು ದೊಡ್ಡ ಬ್ರೇಕ್ ಡ್ರಮ್ ಇದೆ. ಅದನ್ನು ಸುತ್ತುವರಿದ ಉಕ್ಕಿನ ಪಟ್ಟಿಯ ಒಳಮೈಗೆ ಲೈನಿಂಗ್ ಅಂಟಿಸಿರುತ್ತಾರೆ. ಕೈಚಕ್ರ ತಿರುಗಿಸಿದಂತೆ ಪಟ್ಟಿ ಬಿಗಿಯಾಗುತ್ತದೆ. ಮೋಟಾರಿನಿಂದ ಗೇರುಗಳ ಮೂಲಕ ಬರುವ ಶಾಫ್ಟ್‌ಗೂ ಜಿಪ್ಸಿಗೂ ನಡುವೆ ಹಲ್ಲುಗಳುಳ್ಳ ಕ್ಲಚ್ ಇದೆ. ಕ್ಲಚ್ ಹಾಕಿದರೆ ಜಿಪ್ಸಿ ಮೋಟಾರಿನ ವಶದಲ್ಲಿರುತ್ತದೆ, ತೆಗೆದರೆ ಬ್ರೇಕಿನ ವಶದಲ್ಲಿರುತ್ತದೆ. ಈ ಎರಡು ಸ್ಥಿತಿಗಳಲ್ಲಿ ಯಂತ್ರ ಈಗ ಯಾವುದರಲ್ಲಿದೆ ಎಂಬುದನ್ನು ಬ್ರೇಕಿನ ಮೇಲೆ ಕೈಯಿಟ್ಟವನು ಯಾವ ಕ್ಷಣದಲ್ಲಿ ಕೇಳಿದರೂ ಹೇಳುವಂತಿರಬೇಕು.

ಸರಪಳಿಯ ಉದ್ದವನ್ನು ಶ್ಯಾಕಲ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಶ್ಯಾಕಲ್ ಎಂದರೆ 27.5 ಮೀಟರ್. ಎರಡು ತುಂಡುಗಳು ಸೇರುವ ಕೊಂಡಿಗೆ ಕೆಂಪು ಬಣ್ಣ ಬಳಿದು, ಅದರ ಎರಡೂ ಬದಿಯಲ್ಲಿ ಎಷ್ಟನೆಯ ಶ್ಯಾಕಲ್ ಎಂದು ಎಣಿಸಲು ಬರುವಂತೆ ಬಿಳಿ ಗುರುತು ಹಾಕುವುದು ರೂಢಿ. ಬಣ್ಣ ಅಳಿಸಿಹೋದರೂ ತಿಳಿಯಲೆಂದು ಗುರುತಿನ ಕೊಂಡಿಯ ನಡುಗಂಬಕ್ಕೆ ತಂತಿ ಸುತ್ತಿರುತ್ತಾರೆ. ರಾತ್ರಿ, ಕೆಸರು ಮೆತ್ತಿಕೊಂಡ ಸರಪಳಿ ಮೇಲೆ ಬರುವಾಗ ಕಣ್ಣಿಗೆ ಸಿಗುವುದು ಆ ತಂತಿಯೇ.

ಲೆಕ್ಕ ಏನು ಹೇಳುತ್ತದೆ

76 ಮಿ.ಮೀ. ದಪ್ಪದ, ಮೂರನೆಯ ದರ್ಜೆಯ ಉಕ್ಕಿನ ಸರಪಳಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಡಗುಗಳಿಗೆ ದರ್ಜೆ ನೀಡುವ ಸಂಸ್ಥೆಗಳ ಸಾಮಾನ್ಯ ನಿಯಮದ ಪ್ರಕಾರ, ಇಂಥ ಸರಪಳಿಗೆ ವಿಂಡ್ಲಾಸ್ 30 ನಿಮಿಷ ಸತತವಾಗಿ ಕೊಡಬೇಕಾದ ಎಳೆತ ನ್ಯೂಟನ್ ಲೆಕ್ಕದಲ್ಲಿ 47.5 ಗುಣಿಸು ದಪ್ಪದ ವರ್ಗ. ಅದು ಸುಮಾರು 28 ಟನ್ ಆಗುತ್ತದೆ. ತಳಕ್ಕೆ ಕಚ್ಚಿಕೊಂಡ ಲಂಗರನ್ನು ಕೀಳಲು ಕನಿಷ್ಠ 2 ನಿಮಿಷ ಅದರ ಒಂದೂವರೆಪಟ್ಟು, ಅಂದರೆ ಸುಮಾರು 42 ಟನ್ ಕೊಡಬೇಕು. ಈ ಸರಪಳಿ ತುಂಡಾಗುವ ಭಾರ ಸುಮಾರು 438 ಟನ್. ಸ್ಟಾಪರ್ ಇರುವ ಹಡಗಿನಲ್ಲಿ ಬ್ರೇಕ್ ಅದರ ಶೇ. 45ನ್ನು, ಎಂದರೆ ಸುಮಾರು 197 ಟನ್ನನ್ನು, ಹಿಡಿಯಬೇಕು, ಸ್ಟಾಪರ್ ಶೇ. 80ನ್ನು, ಎಂದರೆ ಸುಮಾರು 350 ಟನ್ನನ್ನು, ತಡೆಯಬೇಕು.

ಮೋಟಾರಿಗೆ 28, ಬ್ರೇಕಿಗೆ 197, ಸ್ಟಾಪರಿಗೆ 350. ಈ ಮೂರು ಅಂಕಿಗಳನ್ನು ನೋಡಿದ ಮೇಲೆ ಕ್ಲಚ್ ಹಾಕಿಯೇ ಹಡಗನ್ನು ಲಂಗರಿನ ಮೇಲೆ ಬಿಡುವ ಅಭ್ಯಾಸ ಎಷ್ಟು ಅಪಾಯಕಾರಿ ಎಂದು ಬೇರೆ ಹೇಳಬೇಕಿಲ್ಲ.

ಆಳದ ಮಿತಿಯೂ ಇದೇ ಲೆಕ್ಕದಿಂದ ಹೊರಡುತ್ತದೆ. ಈ ಸರಪಳಿ ಮೀಟರಿಗೆ ಸುಮಾರು 126 ಕಿಲೋ ತೂಗುತ್ತದೆ. ಮೂರು ಶ್ಯಾಕಲ್ ನೇರವಾಗಿ ತೂಗಾಡುತ್ತಿದ್ದರೆ 10.4 ಟನ್, 7 ಟನ್ನಿನ ಲಂಗರನ್ನು ಸೇರಿಸಿ, ನೀರಿನಲ್ಲಿ ಉಕ್ಕು ಹಗುರವಾಗುವುದನ್ನು ಕಳೆದರೆ ಸುಮಾರು 15 ಟನ್ ಉಳಿಯುತ್ತದೆ. ಹಾಸ್ ಪೈಪಿನ ಉಜ್ಜಾಟದಲ್ಲಿ ಎಳೆತದ ಶೇ. 30ರಷ್ಟು ನಷ್ಟವಾಗುತ್ತದೆ ಎಂದು ಹಿಡಿದರೆ ಯಂತ್ರ ಸುಮಾರು 22 ಟನ್ ಎಳೆಯಬೇಕು, ಅದು 28ರೊಳಗೇ ಇದೆ. ಅದೇ ಆರು ಶ್ಯಾಕಲ್ ತೂಗಾಡಿದರೆ 34 ಟನ್ನಿಗೂ ಹೆಚ್ಚು ಬೇಕು, ಯಂತ್ರ ಎತ್ತಲಾರದು. ನಿಯಮವು ಮೂರು ಶ್ಯಾಕಲ್ ಅಂದರೆ 82.5 ಮೀಟರ್ ತೂಗಾಡುವ ಸರಪಳಿಯನ್ನು ನಿಮಿಷಕ್ಕೆ ಸರಾಸರಿ 9 ಮೀಟರ್ ವೇಗದಲ್ಲಿ ಎತ್ತುವುದನ್ನು ಅಳತೆಯಾಗಿಟ್ಟುಕೊಂಡಿದೆ. ಅದಕ್ಕಿಂತ ಆಳದಲ್ಲಿ ಲಂಗರು ಬಿಡುವವರು ಎತ್ತುವ ಬಗೆಯನ್ನು ಮೊದಲೇ ಯೋಚಿಸಿರಬೇಕು.

ಲಂಗರು ಬಿಡುವ ಕ್ರಮ

ಆಳ, ತಳದ ಮಣ್ಣು, ಗಾಳಿ, ಪ್ರವಾಹ ನೋಡಿ ಜಾಗವನ್ನೂ ಸರಪಳಿಯ ಉದ್ದವನ್ನೂ ಕ್ಯಾಪ್ಟನ್ ತೀರ್ಮಾನಿಸುತ್ತಾರೆ. ಲಂಗರಿನ ಸಾಮಗ್ರಿಯನ್ನು ಅಳೆಯುವ ನಿಯಮ ಆಳದ 6ರಿಂದ 10 ಪಟ್ಟು ಸರಪಳಿ, ಸೆಕೆಂಡಿಗೆ 25 ಮೀಟರ್ ಗಾಳಿ ಮತ್ತು 2.5 ಮೀಟರ್ ಪ್ರವಾಹ ಎಂಬ ಊಹೆಯ ಮೇಲೆ ನಿಂತಿದೆ. ಹಡಗಿನವರ ಬಳಕೆಯ ಲೆಕ್ಕ ಇನ್ನೂ ಸರಳ: ಮೀಟರಿನಲ್ಲಿ ಆಳದ ವರ್ಗಮೂಲ ತೆಗೆದು ಒಂದೂವರೆಯಿಂದ ಗುಣಿಸಿದರೆ ಬೇಕಾದ ಶ್ಯಾಕಲ್ ಸಿಗುತ್ತದೆ. 36 ಮೀಟರ್ ಆಳಕ್ಕೆ 9 ಶ್ಯಾಕಲ್. ಇಷ್ಟು ಉದ್ದ ಏಕೆಂದರೆ, ಲಂಗರು ಹಿಡಿಯಬೇಕಾದರೆ ಅದರ ಮೇಲಿನ ಎಳೆತ ತಳಕ್ಕೆ ಸಮಾನಾಂತರವಾಗಿರಬೇಕು. ತಳದ ಮೇಲೆ ಉದ್ದಕ್ಕೆ ಮಲಗಿದ ಸರಪಳಿಯೇ ಅದನ್ನು ಸಾಧಿಸುತ್ತದೆ. ಸರಪಳಿ ಕಡಿಮೆಯಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ.

ಮೊದಲನೆಯ ಹಂತ ಸಿದ್ಧತೆ. ಎಂಜಿನ್ ಕೋಣೆಗೆ ತಿಳಿಸಿ ಹೈಡ್ರಾಲಿಕ್ ಪಂಪುಗಳನ್ನು ಓಡಿಸಿ, ಎಣ್ಣೆಯ ಮಟ್ಟ ಮತ್ತು ಸೋರಿಕೆ ನೋಡಿ. ವಾಕಿಟಾಕಿಯನ್ನು ಬ್ರಿಡ್ಜ್, ಅಂದರೆ ಹಡಗನ್ನು ನಡೆಸುವ ಮೇಲಿನ ಕೋಣೆಯ ಜೊತೆ ಪರೀಕ್ಷಿಸಿ. ಹೆಲ್ಮೆಟ್, ಬೂಟು, ಗ್ಲೌಸಿನ ಜೊತೆಗೆ ಕಣ್ಣಿನ ಕನ್ನಡಕ ಕಡ್ಡಾಯ, ಏಕೆಂದರೆ ಸರಪಳಿ ಓಡುವಾಗ ತುಕ್ಕಿನ ಚೂರು ಮತ್ತು ಒಣಗಿದ ಕೆಸರು ಮುಖಕ್ಕೆ ಸಿಡಿಯುತ್ತವೆ.

ಎರಡನೆಯ ಹಂತದಲ್ಲಿ ಸಮುದ್ರಯಾನಕ್ಕೆಂದು ಬಿಗಿದ ಲ್ಯಾಶಿಂಗ್ ತಂತಿಗಳನ್ನೂ ಕೊಳವೆಗಳ ಮುಚ್ಚಳಗಳನ್ನೂ ತೆಗೆಯಬೇಕು. ತೆಗೆಯುವ ಮುನ್ನ ಬ್ರೇಕ್ ಬಿಗಿಯಾಗಿದೆಯೆಂದು ಕೈಯಿಂದ ತಿರುಗಿಸಿ ನೋಡಿ, ಕಣ್ಣಂದಾಜು ಸಾಲದು. ಹಡಗಿನ ಕೆಳಗೆ ದೋಣಿಯೇನಾದರೂ ಇದೆಯೇ ಎಂದು ಬಗ್ಗಿ ನೋಡಿ.

ಮೂರನೆಯ ಹಂತ ಲಂಗರನ್ನು ಹಾಸ್ ಪೈಪಿನಿಂದ ಹೊರತರುವುದು. ಕ್ಲಚ್ ಹಾಕಿ, ಬ್ರೇಕ್ ಸಡಿಲಿಸಿ, ಸ್ವಲ್ಪವೇ ಮೇಲಕ್ಕೆಳೆದು ಸ್ಟಾಪರಿನ ಭಾರ ಇಳಿಸಿ, ಸ್ಟಾಪರ್ ತೆರೆಯಿರಿ. ನಂತರ ಮೋಟಾರಿನಿಂದಲೇ ಲಂಗರನ್ನು ನಿಧಾನವಾಗಿ ಇಳಿಸಿ. ಅದು ಹೊರಬಂದ ಮೇಲೆ ಬ್ರೇಕ್ ಬಿಗಿದು, ಭಾರ ಬ್ರೇಕಿನ ಮೇಲೆ ನಿಂತಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಕ್ಲಚ್ ತೆಗೆಯಬೇಕು. ಈ ಕ್ರಮ ತಲೆಕೆಳಗಾದರೆ, ಬ್ರೇಕ್ ಬಿಗಿಯುವ ಮೊದಲೇ ಕ್ಲಚ್ ಹೊರಬಂದರೆ, ಟನ್ನುಗಟ್ಟಲೆ ಉಕ್ಕು ತಡೆಯಿಲ್ಲದೆ ಓಡತೊಡಗುತ್ತದೆ.

ನಾಲ್ಕನೆಯ ಹಂತದಲ್ಲಿ ಎರಡು ದಾರಿಗಳಿವೆ. ಆಳ ಕಡಿಮೆಯಿದ್ದರೆ, ಹಡಗು ಬಹುತೇಕ ನಿಂತು ಹಿಂದಕ್ಕೆ ಮೆಲ್ಲನೆ ಸರಿಯುತ್ತಿರುವಾಗ, ಬ್ರಿಡ್ಜಿನ ಆಜ್ಞೆಯಂತೆ ಬ್ರೇಕ್ ಸಡಿಲಿಸಿ ಲಂಗರನ್ನು ಬೀಳಬಿಡುತ್ತಾರೆ. ತಳ ಮುಟ್ಟಿದ ಮೇಲೆ ಬ್ರೇಕ್ ಹಿಡಿದು ಬಿಟ್ಟು, ಹಡಗು ಸರಿದಷ್ಟೇ ಸರಪಳಿ ಕೊಡುತ್ತಾ ಹೋಗಬೇಕು. ಒಮ್ಮೆಲೇ ಬಿಟ್ಟರೆ ಸರಪಳಿ ಲಂಗರಿನ ಮೇಲೆಯೇ ಗುಡ್ಡೆ ಬೀಳುತ್ತದೆ. ಆಳ ಹೆಚ್ಚಿದ್ದರೆ ಕ್ಲಚ್ ಹಾಕಿಯೇ, ಮೋಟಾರಿನಿಂದ ತಳದವರೆಗೂ ಇಳಿಸಬೇಕು. ಶಿರಾಡಿ ಘಾಟಿ ಇಳಿಯುವ ಲಾರಿಯ ಚಾಲಕ ಗೇರಿನಲ್ಲೇ ಇಳಿದು ಬ್ರೇಕ್ ಕಾಯದಂತೆ ನೋಡಿಕೊಳ್ಳುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ: ಓಡುತ್ತಿರುವ ಭಾರಿ ಸರಪಳಿಯನ್ನು ಬರೀ ಬ್ರೇಕಿನಿಂದ ತಡೆಯಹೊರಟರೆ ಲೈನಿಂಗ್ ಕಾದು ಹೊಗೆಯಾಡಿ ಹಿಡಿತ ಕಳೆದುಕೊಳ್ಳುತ್ತದೆ. ಆ ಮೇಲೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಸರಪಳಿ ಕೊನೆಯವರೆಗೂ ಓಡಿ ಬಿಟರ್ ಎಂಡನ್ನೇ ಕಿತ್ತುಕೊಂಡು ಹೋಗುತ್ತದೆ. ಅಂಥ ಹೊತ್ತಿನಲ್ಲಿ ಯಂತ್ರದ ಬಳಿ ನಿಲ್ಲದೆ ಎಲ್ಲರೂ ಹಿಂದಕ್ಕೆ ಓಡುವುದೇ ಸರಿ.

ಮೋಟಾರಿನಿಂದ ಇಳಿಸುವಾಗ ಮರೆಯಬಾರದ ಇನ್ನೊಂದು ಅಂಕಿಯಿದೆ. ನಿಮಿಷಕ್ಕೆ 9 ಮೀಟರ್ ಎಂದರೆ ಸುಮಾರು 0.3 ನಾಟ್ (ಗಂಟೆಗೆ ಒಂದು ನಾಟಿಕಲ್ ಮೈಲು ಒಂದು ನಾಟ್). ಹಡಗು ಅದಕ್ಕಿಂತ ವೇಗವಾಗಿ ಸರಿಯುತ್ತಿದ್ದರೆ ಸರಪಳಿಯನ್ನು ಇಳಿಸುವವನು ಯಂತ್ರದವನಲ್ಲ, ಹಡಗೇ ಅದನ್ನು ಎಳೆಯುತ್ತಿರುತ್ತದೆ. ಆಗ ಹೈಡ್ರಾಲಿಕ್ ಮೋಟಾರ್ ತಾನೇ ಪಂಪಾಗಿ ತಿರುಗಿ, ಒತ್ತಡ ಮಿತಿ ಮೀರಿ, ಅದರ ಕವಚ ಸಿಡಿಯಬಹುದು. ಲೋಹದ ಚೂರು ತಗುಲಿ ಕಂಟ್ರೋಲ್ ಬಳಿ ನಿಂತವರು ಗಾಯಗೊಂಡ ಘಟನೆಗಳು ನಡೆದಿವೆ. ಸರಪಳಿ ಬಿಗಿಯಾಗುತ್ತಿರುವುದು ಮೊದಲು ಕಾಣುವುದು ಮುಂದೆ ನಿಂತವರಿಗೆ, ಆದ್ದರಿಂದ ಅದನ್ನು ತಡಮಾಡದೆ ಬ್ರಿಡ್ಜಿಗೆ ತಿಳಿಸುವ ಧೈರ್ಯ ಕೆಡೆಟ್‌ಗೂ ಇರಬೇಕು.

ಐದನೆಯ ಹಂತ, ಬೇಕಾದಷ್ಟು ಶ್ಯಾಕಲ್ ಹೋದ ಮೇಲೆ ಲಂಗರು ಹಿಡಿಯಿತೇ ಎಂದು ನೋಡುವುದು. ಸರಪಳಿ ಮುಂದಕ್ಕೆ ಉದ್ದಕ್ಕೆ ಚಾಚಿ ಬಿಗಿಯಾಗಿ, ಹಡಗನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡು ಸಡಿಲವಾದರೆ ಹಿಡಿದಿದೆ ಎಂದರ್ಥ. ಸರಪಳಿಯ ಮೇಲೆ ಕೈಯಿಟ್ಟಾಗ ಗಡಗಡ ನಡುಕ ತಿಳಿದರೆ ಲಂಗರು ತಳದ ಮೇಲೆ ಉಜ್ಜಿಕೊಂಡು ಬರುತ್ತಿದೆ. ಹಿಡಿದ ಮೇಲೆ ಬ್ರೇಕ್ ಬಿಗಿದು, ಸ್ಟಾಪರ್ ಹಾಕಿ, ಕ್ಲಚ್ ತೆಗೆಯಿರಿ. ಸ್ಟಾಪರಿನ ಪಟ್ಟಿ ಕೊಂಡಿಯ ಮೇಲೆ ಸರಿಯಾಗಿ ಕೂರದೆ ಅಡ್ಡಾದಿಡ್ಡಿ ನಿಂತಿದ್ದರೆ ಅದು ಹಾಕಿದಂತಲ್ಲ. ಒಂದೆರಡು ಕೊಂಡಿ ಹೆಚ್ಚು ಕಡಿಮೆ ಮಾಡಿ ಕೂರಿಸಲೇಬೇಕು.

ನಿಂತಿರುವಾಗ, ಮತ್ತು ಎತ್ತುವಾಗ

ಲಂಗರು ಬಿಟ್ಟ ಹಡಗಿನಲ್ಲಿ ಕಾವಲು ಮುಗಿಯುವುದಿಲ್ಲ. 2012ರ ಅಕ್ಟೋಬರ್ 31ರಂದು ನೀಲಂ ಚಂಡಮಾರುತದಲ್ಲಿ ಚೆನ್ನೈ ಬಳಿ ಲಂಗರು ಹಾಕಿ ನಿಂತಿದ್ದ ‘ಪ್ರತಿಭಾ ಕಾವೇರಿ’ ಹಡಗು ಲಂಗರು ಎಳೆದುಕೊಂಡು ಬಂದು ದಡಕ್ಕೆ ಏರಿತು. ದೋಣಿಯಲ್ಲಿ ಇಳಿದ ಸಿಬ್ಬಂದಿಯಲ್ಲಿ ಹಲವರು ಸಮುದ್ರದಲ್ಲಿ ಪ್ರಾಣ ಕಳೆದುಕೊಂಡರು. ಮೇಲೆ ಹೇಳಿದ ಗಾಳಿ ಪ್ರವಾಹಗಳ ಊಹೆಯನ್ನು ಮತ್ತೊಮ್ಮೆ ಓದಿ. ತೆರೆದ ಸಮುದ್ರದ ಬಿರುಗಾಳಿಯಲ್ಲಿ ಹಡಗನ್ನು ಹಿಡಿಯಲೆಂದು ಲಂಗರನ್ನು ಮಾಡಿಲ್ಲ. ಚಂಡಮಾರುತದ ಮುನ್ಸೂಚನೆ ಬಂದಾಗ, ಎಂಜಿನ್ ಸುಸ್ಥಿತಿಯಲ್ಲಿರುವ ಹಡಗು ಸಮಯವಿರುವಾಗಲೇ ಲಂಗರೆತ್ತಿ ಆಳ ಸಮುದ್ರಕ್ಕೆ ಹೋಗುವುದೇ ಕ್ಷೇಮ.

ಎತ್ತುವಾಗ ಕ್ಲಚ್ ಹಾಕಿ, ಬ್ರೇಕ್ ಪೂರ್ತಿ ಸಡಿಲಿಸಿ, ಆಮೇಲೆ ಸ್ಟಾಪರಿನ ಭಾರ ಇಳಿಸಿ ಅದನ್ನು ತೆರೆಯಬೇಕು. ಅರ್ಧ ಬಿಗಿದ ಬ್ರೇಕಿನ ಜೊತೆ ಎಳೆದರೆ ಲೈನಿಂಗ್ ಸವೆಯುತ್ತದೆ, ಮೋಟಾರಿಗೂ ಭಾರ. ಸರಪಳಿ ತುಂಬ ಬಿಗಿಯಾಗಿದ್ದರೆ ವಿಂಡ್ಲಾಸಿನಿಂದ ಹಡಗನ್ನು ಎಳೆದುಕೊಳ್ಳಬೇಡಿ, ಬ್ರಿಡ್ಜಿಗೆ ಹೇಳಿ ಎಂಜಿನ್ನಿನಿಂದ ಮುಂದಕ್ಕೆ ಸರಿಸಿ. ಹಾಸ್ ಪೈಪಿನ ನೀರಿನಿಂದ ಕೆಸರು ತೊಳೆಯುತ್ತಾ, ಪ್ರತಿ ಶ್ಯಾಕಲ್ ಬಂದಾಗ ವರದಿ ಮಾಡಿ. ಲಂಗರು ಕಣ್ಣಿಗೆ ಬಿದ್ದ ಮೇಲೆ ಅದಕ್ಕೆ ಕೇಬಲ್ಲೋ ಬಲೆಯೋ ಸಿಕ್ಕಿಲ್ಲವೆಂದು ನೋಡಿ, ಕೊನೆಯ ಕೆಲವು ಮೀಟರ್ ಅತಿ ನಿಧಾನವಾಗಿ ಒಳತನ್ನಿ. ಆಮೇಲೆ ಬ್ರೇಕ್, ಸ್ಟಾಪರ್, ಲ್ಯಾಶಿಂಗ್.

ಮೂರಿಂಗ್ ವಿಂಚು ಮತ್ತು ಹಗ್ಗ

ಧಕ್ಕೆಗೆ ಕಟ್ಟುವ ವಿಂಚುಗಳಲ್ಲಿಯೂ ಇದೇ ನ್ಯಾಯ: ಮೋಟಾರ್ ಹಗ್ಗವನ್ನು ಎಳೆದುಕೊಡುತ್ತದೆ, ಬ್ರೇಕ್ ಹಿಡಿಯುತ್ತದೆ. ಆದರೆ ಇಲ್ಲಿ ಬ್ರೇಕನ್ನು ಬೇಕೆಂದೇ ಹಗ್ಗಕ್ಕಿಂತ ದುರ್ಬಲವಾಗಿ ಹೊಂದಿಸುತ್ತಾರೆ. ಹಡಗಿನ ವಿನ್ಯಾಸಕ್ಕೆ ನಿಗದಿಯಾದ ಹಗ್ಗದ ತುಂಡಾಗುವ ಭಾರದ ಶೇ. 60ಕ್ಕೆ ಬ್ರೇಕ್ ಜಾರುವಂತಿರಬೇಕು. ಹಗ್ಗ ಹರಿದು ಯಾರಿಗಾದರೂ ಹೊಡೆಯುವುದಕ್ಕಿಂತ ಡ್ರಮ್ ಸ್ವಲ್ಪ ತಿರುಗಿ ಹಗ್ಗ ಬಿಟ್ಟುಕೊಡುವುದು ಮೇಲು.

ಬ್ರೇಕಿನ ಹಿಡಿತ ಡ್ರಮ್ಮಿನ ಮೇಲೆ ಎಷ್ಟು ಪದರ ಹಗ್ಗವಿದೆ ಎಂಬುದರ ಮೇಲೂ ನಿಂತಿದೆ. ಡ್ರಮ್ಮಿನ ಮಧ್ಯದಿಂದ ಮೊದಲ ಪದರದ ಹಗ್ಗದ ಮಧ್ಯಕ್ಕೆ 33 ಸೆಂ.ಮೀ. ಇದ್ದು ಬ್ರೇಕ್ 36 ಟನ್ನಿಗೆ ಜಾರುತ್ತದೆ ಎಂದುಕೊಳ್ಳಿ. ಎರಡನೆಯ ಪದರದಲ್ಲಿ ಆ ದೂರ 38 ಸೆಂ.ಮೀ. ಆದರೆ ಅದೇ ಬ್ರೇಕ್ 31 ಟನ್ನಿಗೇ ಜಾರುತ್ತದೆ, ಮೂರನೆಯ ಪದರದಲ್ಲಿ 43 ಸೆಂ.ಮೀ. ಆದರೆ 28ರ ಆಸುಪಾಸಿಗೆ ಇಳಿಯುತ್ತದೆ. ಇದಕ್ಕಾಗಿಯೇ ಡ್ರಮ್ಮನ್ನು ಎರಡು ಭಾಗ ಮಾಡಿರುತ್ತಾರೆ: ಒಂದು ಸಂಗ್ರಹಕ್ಕೆ, ಇನ್ನೊಂದು ಎಳೆತಕ್ಕೆ. ಎಳೆತದ ಭಾಗದಲ್ಲಿ ಹಗ್ಗ ಒಂದೇ ಪದರದಲ್ಲಿರಬೇಕು.

ಹಗ್ಗ ಸುತ್ತುವ ದಿಕ್ಕು ಇನ್ನೂ ಮುಖ್ಯ, ಮತ್ತು ಇದನ್ನು ಅನುಭವಿಗಳೂ ಕಡೆಗಣಿಸುವುದುಂಟು. ಬ್ರೇಕ್ ಪಟ್ಟಿಯ ಒಂದು ತುದಿ ತಳಪಾಯಕ್ಕೆ ಭದ್ರವಾಗಿರುತ್ತದೆ, ಇನ್ನೊಂದು ತುದಿ ಕೈಚಕ್ರದ ಸ್ಕ್ರೂಗೆ ಸೇರಿರುತ್ತದೆ. ಹಗ್ಗದ ಎಳೆತ ಭದ್ರ ತುದಿಯ ಮೇಲೆ ಬೀಳುವಂತಿದ್ದರೆ ಪಟ್ಟಿ ತಾನೇ ಬಿಗಿಯಾಗುತ್ತದೆ. ಹಗ್ಗವನ್ನು ತಿರುವುಮುರುವಾಗಿ ಸುತ್ತಿದರೆ ಎಳೆತ ಸ್ಕ್ರೂ ಕಡೆಗೆ ಬಿದ್ದು ಹಿಡಿತ ಅರ್ಧದಷ್ಟು ಕುಸಿಯಬಹುದು. ಡ್ರಮ್ಮಿನ ಮೇಲೆ ಸುತ್ತುವ ದಿಕ್ಕಿನ ಬಾಣವನ್ನು ಬಣ್ಣದಲ್ಲಿ ಬರೆದಿಡುವುದು ಕಾಲು ಗಂಟೆಯ ಕೆಲಸ.

ವರ್ಷಕ್ಕೊಮ್ಮೆಯಾದರೂ ಬ್ರೇಕ್ ಪರೀಕ್ಷೆ ಮಾಡಬೇಕು. ಬ್ರೇಕ್ ಬಿಗಿದು, ಕ್ಲಚ್ ತೆಗೆದು, ಡ್ರಮ್ಮಿಗೆ ಸನ್ನೆ ಜೋಡಿಸಿ, ಅದರ ಕೆಳಗೆ ಹೈಡ್ರಾಲಿಕ್ ಜ್ಯಾಕ್ ಇಟ್ಟು ಒತ್ತುತ್ತಾರೆ. ಮೇಲಿನ ಉದಾಹರಣೆಯಲ್ಲಿ 36 ಟನ್ 33 ಸೆಂ.ಮೀ. ದೂರದಲ್ಲಿದೆ, ಜ್ಯಾಕ್ 66 ಸೆಂ.ಮೀ. ದೂರದಲ್ಲಿದ್ದರೆ ಅದಕ್ಕೆ 18 ಟನ್ ಸಾಕು. ಜ್ಯಾಕಿನ ಪಿಸ್ಟನ್ ವಿಸ್ತೀರ್ಣ 45 ಚದರ ಸೆಂ.ಮೀ. ಆದರೆ ಗೇಜು ಚದರ ಸೆಂಟಿಮೀಟರಿಗೆ 400 ಕಿಲೋ ತೋರಿಸುವಾಗ ಡ್ರಮ್ ಜಾರಬೇಕು. ಮೊದಲೇ ಜಾರಿದರೆ ಲೈನಿಂಗ್ ನೋಡಿ, ಜಾರದೇ ಹೋದರೆ ಬ್ರೇಕನ್ನು ಅತಿಯಾಗಿ ಬಿಗಿದಿದ್ದೀರಿ. ಸರಿಹೊಂದಿದ ಬಿಗಿತವನ್ನು ಸ್ಕ್ರೂ ಮೇಲೆ ಗುರುತು ಮಾಡಿ, ದಿನಾಂಕದೊಡನೆ ಬರೆದಿಡಿ.

ಹಗ್ಗ ಹರಿಯುವ ಅಪಾಯದ ಬಗ್ಗೆ ಹೇಳುವುದಾದರೆ, ಬಿಗಿಯಾದ ಹಗ್ಗದಲ್ಲಿ ಶಕ್ತಿ ಕೂಡಿರುತ್ತದೆ. ಹರಿದಾಗ ಅದು ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಚಾಟಿಯ ವೇಗದಲ್ಲಿ ಬರುತ್ತದೆ. 2015ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಮಿಲ್ಫರ್ಡ್ ಹೇವನ್ನಿನಲ್ಲಿ ‘ಜರ್ಗಾ’ ಎಂಬ ಅನಿಲ ಸಾಗಿಸುವ ಹಡಗಿನ ಹಗ್ಗ ಹರಿದು ಡೆಕ್ ಅಧಿಕಾರಿಯೊಬ್ಬರ ತಲೆಗೆ ತೀವ್ರ ಗಾಯವಾಯಿತು. ಹಿಗ್ಗುವುದು ಕಡಿಮೆ, ಹಾಗಾಗಿ ಹಿಂದಕ್ಕೆ ಹೊಡೆಯುವುದಿಲ್ಲ ಎಂದು ಹಲವರು ನಂಬಿದ್ದ ಬಗೆಯ ಹಗ್ಗ ಅದು. ಹಳೆಯ ಹಡಗುಗಳಲ್ಲಿ ಅಪಾಯದ ಜಾಗಕ್ಕೆ ಹಳದಿ ಗೆರೆ ಬಳಿದಿರುತ್ತಾರೆ. ಆ ಗೆರೆಯ ಹೊರಗೆ ಕ್ಷೇಮ ಎಂದು ನಂಬಬೇಡಿ. ಹಗ್ಗ ರೋಲರ್ ಸುತ್ತಿ ತಿರುಗಿದ್ದರೆ ಅದು ಬರುವ ದಾರಿಯನ್ನು ಗೆರೆ ಎಳೆದು ಹೇಳಲಾಗದು. ಮೂರಿಂಗ್ ಡೆಕ್ ಪೂರ್ತಿ ಅಪಾಯದ ಜಾಗ ಎಂದೇ ತಿಳಿದು, ಕೆಲಸವಿಲ್ಲದವರು ಅಲ್ಲಿ ಇರಲೇಬಾರದು.

ಕೆಲವು ವಿಂಚುಗಳಲ್ಲಿ ಹಗ್ಗದ ಬಿಗಿತವನ್ನು ತಾನಾಗಿ ಹೊಂದಿಸುವ ವ್ಯವಸ್ಥೆ ಇರುತ್ತದೆ. ಧಕ್ಕೆಗೆ ಕಟ್ಟಿದ ಮೇಲೆ ಅದನ್ನು ಬಿಡಿಸಿ ಬ್ರೇಕಿಗೆ ಹಾಕಬೇಕು, ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ವಿಂಚುಗಳು ಒಂದಕ್ಕೊಂದು ಎಳೆದಾಡಿ ಹಡಗು ಧಕ್ಕೆಯುದ್ದಕ್ಕೂ ಸರಿದುಹೋಗುತ್ತದೆ.

ನಿರ್ವಹಣೆ

2024ರ ಜನವರಿ 1ರಿಂದ ಜಾರಿಗೆ ಬಂದ ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ತಿದ್ದುಪಡಿಯಂತೆ ಮೂರಿಂಗ್ ಉಪಕರಣಗಳ ತಪಾಸಣೆ ಮತ್ತು ನಿರ್ವಹಣೆ ಹಳೆಯ ಹಡಗುಗಳಿಗೂ ಕಡ್ಡಾಯ. ಗ್ರೀಸ್ ಹಚ್ಚುವುದು, ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ಬದಲಿಸುವುದು, ಬ್ರೇಕ್ ಸ್ಕ್ರೂವಿನ ತುಕ್ಕು ತೆಗೆಯುವುದು, ಕ್ಲಚ್‌ನ ಲಾಕಿಂಗ್ ಪಿನ್ ಇದೆಯೇ ನೋಡುವುದು, ಇವು ವಾರ ತಿಂಗಳ ಕೆಲಸಗಳು. ಬ್ರೇಕಿನ ಲೈನಿಂಗಿಗೆ ಗ್ರೀಸ್ ತಾಗದಂತೆ ನೋಡಿಕೊಳ್ಳಬೇಕು. ಪಟ್ಟಿಯನ್ನು ಪೂರ್ತಿ ಬಿಗಿದ ಮೇಲೂ ಸ್ಕ್ರೂವಿನಲ್ಲಿ ಇನ್ನಷ್ಟು ಬಿಗಿಯಲು ಎಳೆ ಉಳಿದಿರಬೇಕು. ಉಳಿದಿಲ್ಲವೆಂದರೆ ಲೈನಿಂಗ್ ತೆಳುವಾಗಿದೆ, ಬ್ರೇಕ್ ಬಿಗಿದಂತೆ ಕಂಡರೂ ಹಿಡಿಯುತ್ತಿಲ್ಲ.

ಹಡಗನ್ನು ನೀರಿನಿಂದ ಹೊರಗಿಟ್ಟು ದುರಸ್ತಿ ಮಾಡುವ ಡ್ರೈಡಾಕಿನಲ್ಲಿ ಸರಪಳಿಯನ್ನು ನೆಲಕ್ಕೆ ಹಾಸಿ ಅಳೆಯುತ್ತಾರೆ. ದಪ್ಪ ಸರಾಸರಿ ಶೇ. 12ಕ್ಕಿಂತ ಹೆಚ್ಚು ಸವೆದಿದ್ದರೆ, ಅಂದರೆ 76 ಮಿ.ಮೀ. ಕೊಂಡಿ ಸುಮಾರು 67ಕ್ಕಿಂತ ಕೆಳಗಿಳಿದಿದ್ದರೆ, ಆ ತುಂಡನ್ನು ಬದಲಿಸಬೇಕು. ಸವೆತ ಹೆಚ್ಚಾಗಿ ಆಗುವುದು ಕೊಂಡಿಗೆ ಕೊಂಡಿ ತಾಗುವ ಒಳಬಾಗಿನಲ್ಲಿ, ಹೊರಗಿನಿಂದ ಬಣ್ಣ ಬಳಿದು ನೋಡಿದರೆ ಅದು ಕಾಣುವುದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದುದನ್ನು ನಮ್ಮ ಭಾಗದವರು ಮರೆತಿಲ್ಲ. ಭಾರ ಹೊತ್ತು ನೀರಿನಲ್ಲಿ ನಿಲ್ಲುವ ಸರಪಳಿಯನ್ನು ಕಣ್ಣಂದಾಜಿಗೆ ಬಿಡಬಾರದು, ಅಳೆಯಬೇಕು. ಜಿಪ್ಸಿಯ ಕುಳಿಗಳು ಸವೆದಿದ್ದರೆ ಓಡುವ ಸರಪಳಿ ಕುಳಿಯಿಂದ ಎಗರುತ್ತದೆ, ಆದ್ದರಿಂದ ಅವನ್ನೂ ಅದೇ ಸಮಯದಲ್ಲಿ ಪರೀಕ್ಷಿಸಿ.

ಡ್ರೈಡಾಕಿನಲ್ಲಿ ಲಾಕರ್ ಖಾಲಿಯಾಗಿರುವಾಗ ಬಿಟರ್ ಎಂಡಿನ ಪಿನ್ನನ್ನು ಹೊರಗಿನಿಂದ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿ, ಮತ್ತೆ ಹಾಕಿ ನೋಡಿ. ಚಂಡಮಾರುತದಲ್ಲಿ ಲಂಗರು ಸಿಕ್ಕಿಹಾಕಿಕೊಂಡು ಸರಪಳಿಯನ್ನೇ ಬಿಟ್ಟು ಹೊರಡಬೇಕಾಗಿ ಬಂದಾಗ, ಸುತ್ತಿಗೆಯ ಒಂದೆರಡು ಹೊಡೆತಕ್ಕೆ ಆ ಪಿನ್ ಹೊರಬರಬೇಕು.